ಆಪ್ತಸಮಾಲೋಚನೆ ಎಂ.ಎಸ್ಸಿ.: ಕೋರ್ಸ್ ಗಟ್ಟಿಯೋ ಪೊಳ್ಳೋ, ಸೇರುವ ಮೊದಲೇ ತಿಳಿಯುವುದು ಹೇಗೆ?

ಮಲೆನಾಡು ಮೇಷ್ಟರು ಕೇಳಿದ್ದಾರೆ:

ನಾನು ಶಿವಮೊಗ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಒಬ್ಬರಾದರೂ ಇರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಮ್ಮ ಆಡಳಿತ ಮಂಡಳಿಯ ಕಣ್ಣು ನನ್ನ ಮೇಲೆ ಬಿದ್ದಿದೆ. "ಮಕ್ಕಳು ಹೇಗಿದ್ದರೂ ನಿಮ್ಮ ಹತ್ತಿರವೇ ಬಂದು ಅಳುತ್ತಾರೆ, ನೀವೇ ಓದಿಕೊಂಡು ಬಂದುಬಿಡಿ" ಎಂದರು ಕಾರ್ಯದರ್ಶಿಗಳು. ರಜೆ ಕೊಡುತ್ತಾರೆ, ಸಂಬಳ ಕೊಡುವುದಿಲ್ಲ.

ಎರಡು ವಿಶ್ವವಿದ್ಯಾಲಯಗಳನ್ನು ನೋಡಿಟ್ಟಿದ್ದೇನೆ. ಒಂದಕ್ಕೆ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಶ್ರೇಣಿ ಕೊಡುವ ನ್ಯಾಕ್‌ನ ಎ ಪ್ಲಸ್ ಪ್ಲಸ್ ಇದೆ, ಗಾಜಿನ ಕಟ್ಟಡವಿದೆ, ಮದುವೆ ಆಲ್ಬಮ್ಮಿನಷ್ಟು ದಪ್ಪದ ಕೈಪಿಡಿ ಇದೆ. ಇನ್ನೊಂದು ಚಿಕ್ಕ ವಿಭಾಗ, ಕಳಿಸಿದ್ದು ಎರಡು ಪುಟದ ಜೆರಾಕ್ಸ್, ಶುಲ್ಕ ಮೂರನೆಯ ಒಂದು ಭಾಗ. ಪಠ್ಯಕ್ರಮ ಮಾತ್ರ ಎರಡರದ್ದೂ ಹೆಚ್ಚುಕಡಿಮೆ ಒಂದೇ. ಎರಡು ವರ್ಷದ ಸಂಬಳ ಬಿಟ್ಟು ಹೋಗುವವನು ಯಾವುದನ್ನು ನಂಬಬೇಕು? ಅನುಭವಸ್ಥರು ತಿಳಿಸಿ.

ಹುಬ್ಬಳ್ಳಿಯ ಸೂಪರ್‌ವೈಸರ್ ಉತ್ತರ:

ಮೇಷ್ಟರೇ, ಪಠ್ಯಕ್ರಮವನ್ನು ಪಕ್ಕಕ್ಕಿಡಿ. ಕಾಗದದ ಮೇಲೆ ಎಲ್ಲರೂ ಒಂದೇ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಎಲ್ಲರಲ್ಲೂ ಇದ್ದಾರೆ, ಮನೋವೈದ್ಯ ಆರನ್ ಬೆಕ್ ಕೂಡ ಇದ್ದಾರೆ. ನ್ಯಾಕ್ ಶ್ರೇಣಿಯಿಂದಲೂ ನಿಮಗೆ ಬೇಕಾದ ಉತ್ತರ ಸಿಗುವುದಿಲ್ಲ. ಅದು ಇಡೀ ಸಂಸ್ಥೆಗೆ ಕೊಡುವ ಅಂಕ. ಗ್ರಂಥಾಲಯ, ಸಂಶೋಧನೆ, ಆಡಳಿತ ಎಲ್ಲ ಕೂಡಿಸಿದ ಲೆಕ್ಕದಲ್ಲಿ ಮೂರನೆಯ ಮಹಡಿಯ ಒಂದು ವಿಭಾಗ ಹೇಗಿದೆ ಎಂಬುದು ಕಾಣುವುದೇ ಇಲ್ಲ.

ನಾನು ಇಲ್ಲಿನ ಒಂದು ಆಸ್ಪತ್ರೆಯಲ್ಲಿದ್ದೇನೆ. ಬೇರೆ ಬೇರೆ ವಿಶ್ವವಿದ್ಯಾಲಯಗಳ ಎರಡನೆಯ ವರ್ಷದವರು ನಮ್ಮಲ್ಲಿಗೆ ತರಬೇತಿಗೆ ಬರುತ್ತಾರೆ. ಯಾರ ವಿಭಾಗ ಗಟ್ಟಿ ಎಂಬುದು ಅವರು ಬರೆದು ತರುವ ಮೊದಲ ಸೆಷನ್ ವರದಿಯಲ್ಲೇ ಗೊತ್ತಾಗಿಬಿಡುತ್ತದೆ. ಪಿಯುಸಿ ಓದುವ ಹುಡುಗಿಯೊಬ್ಬಳು "ಮನೆಗೆ ಹೋಗಲು ಮನಸ್ಸೇ ಬರುವುದಿಲ್ಲ, ಕತ್ತಲಾಗುವವರೆಗೆ ಬಸ್ ನಿಲ್ದಾಣದಲ್ಲೇ ಕುಳಿತಿರುತ್ತೇನೆ" ಎಂದಳು ಎಂದುಕೊಳ್ಳಿ. ತರಬೇತಿ ಸರಿಯಾಗಿ ಆಗಿಲ್ಲದವರ ವರದಿಯಲ್ಲಿ ಮುಂದಿನ ಸಾಲು: "ಹಾಗೆಲ್ಲ ಕೂರಬಾರದಮ್ಮ, ಅಪ್ಪ ಅಮ್ಮ ಗಾಬರಿಯಾಗುತ್ತಾರೆ." ಅಲ್ಲಿಗೆ ಹುಡುಗಿ ಬಾಯಿ ಮುಚ್ಚಿದಳು, ಉಳಿದ ಮೂರು ಪುಟವೂ ಬುದ್ಧಿವಾದ. ಚೆನ್ನಾಗಿ ಕಲಿತು ಬಂದವರು "ಅಲ್ಲಿ ಕುಳಿತಿರುವಾಗ ಏನೇನು ಯೋಚನೆ ಬರುತ್ತದೆ?" ಎಂದು ಕೇಳುತ್ತಾರೆ, ಕೇಳಿ ಸುಮ್ಮನಿರುತ್ತಾರೆ. ಈ ಸುಮ್ಮನಿರುವುದನ್ನು ಉಪನ್ಯಾಸದಿಂದ ಕಲಿಸಲು ಆಗುವುದಿಲ್ಲ. ಕಲಿಯುವವರ ಧ್ವನಿಮುದ್ರಣವನ್ನು ಒಬ್ಬರು ಕುಳಿತು ಕೇಳಿ, "ಇಲ್ಲಿ ಏಕೆ ಬಾಯಿ ಹಾಕಿದೆ? ನಿನಗೆ ಭಯವಾಯಿತೇ?" ಎಂದು ವಾರ ವಾರವೂ ಕೇಳಿರಬೇಕು. ಇದೇ ಸೂಪರ್‌ವಿಷನ್. ಕೋರ್ಸಿನ ಬೆಲೆ ಇರುವುದು ಇದರಲ್ಲಿ. ಉಳಿದದ್ದನ್ನು ಮನೆಯಲ್ಲೇ ಓದಿಕೊಳ್ಳಬಹುದು.

ಅಳತೆಗೋಲು ಬೇಕೆಂದರೆ ಅಮೆರಿಕದ ಕೇಕ್ರೆಪ್ ನಿಯಮಗಳನ್ನು ನೋಡಿ. ಆಪ್ತಸಮಾಲೋಚನೆಯ ಕೋರ್ಸುಗಳಿಗೆ ಮಾನ್ಯತೆ ಕೊಡಲೆಂದೇ 1981ರಲ್ಲಿ ಹುಟ್ಟಿದ ಸಂಸ್ಥೆ ಅದು. ಮೊದಲು 100 ಗಂಟೆಯ ಪ್ರಾಕ್ಟಿಕಂ, ಅಂದರೆ ಆರಂಭದ ಪ್ರಾಯೋಗಿಕ ತರಬೇತಿ, ಅದರಲ್ಲಿ ಕನಿಷ್ಠ 40 ಗಂಟೆ ನಿಜವಾದ ಜನರ ಎದುರು ಕುಳಿತಿರಬೇಕು. ಆಮೇಲೆ 600 ಗಂಟೆಯ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ಹಾಗೆಯೇ. ಈ ಅವಧಿಯುದ್ದಕ್ಕೂ ವಾರಕ್ಕೆ ಸರಾಸರಿ ಒಂದು ಗಂಟೆ ಒಬ್ಬರಿಗೋ ಇಬ್ಬರಿಗೋ ಸೂಪರ್‌ವಿಷನ್, ಒಂದೂವರೆ ಗಂಟೆ ಗುಂಪಿನಲ್ಲಿ. ಎಷ್ಟು ಮಂದಿ ಕೋರ್ಸ್ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬುದನ್ನು ಪ್ರತಿ ವರ್ಷ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ನಮ್ಮ ವಿಶ್ವವಿದ್ಯಾಲಯಗಳಿಗೆ ಇದು ಅನ್ವಯಿಸುವುದಿಲ್ಲ, ನಿಜ. ಆದರೆ ಕೇಳುವುದಕ್ಕೆ ಏನು ಅಡ್ಡಿ? ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ: ಜನರ ಎದುರು ಕೂರುವ ನೇರ ಗಂಟೆ ಎಷ್ಟು, ಒಬ್ಬ ಸೂಪರ್‌ವೈಸರ್ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು, ಆ ಸೂಪರ್‌ವೈಸರ್ ಈಗಲೂ ಸ್ವತಃ ಜನರನ್ನು ನೋಡುತ್ತಾರೆಯೇ ಅಥವಾ ಪಾಠ ಮಾತ್ರ ಮಾಡುತ್ತಾರೆಯೇ ಎಂದು ಕೇಳಿ. "ಇಂಟರ್ನ್‌ಶಿಪ್ ಇದೆ ಸಾರ್" ಎಂಬಷ್ಟಕ್ಕೆ ಫೋನ್ ಇಡಬೇಡಿ. ಇಂಟರ್ನ್‌ಶಿಪ್ ಎಲ್ಲ ಕಡೆಯೂ ಇದೆ. ಎಷ್ಟೋ ಕಡೆ ಅದು ಸ್ವಯಂಸೇವಾ ಸಂಸ್ಥೆಯೊಂದರ ಜಾಗೃತಿ ಜಾಥಾದಲ್ಲಿ ಬ್ಯಾನರ್ ಹಿಡಿಯುವುದಕ್ಕೆ ಮುಗಿಯುತ್ತದೆ.

ಇನ್ನೊಂದು ಪ್ರಶ್ನೆ ಕೇಳಲು ಸಂಕೋಚವಾಗಬಹುದು, ಆದರೂ ಕೇಳಿ: ಓದಿನಲ್ಲಿ ಪಾಸಾಗಿಯೂ ಈ ಕೆಲಸಕ್ಕೆ ಸಿದ್ಧರಿಲ್ಲ ಎಂದು ನೀವು ಯಾರನ್ನಾದರೂ ತಡೆಹಿಡಿದದ್ದುಂಟೇ? ಯಾರನ್ನೂ ಎಂದೂ ತಡೆಯದ ವಿಭಾಗವನ್ನು ನಾನು ನಂಬುವುದಿಲ್ಲ.

ಕನ್ನಡದ ವಿಚಾರವನ್ನೂ ಮರೆಯಬೇಡಿ. ನಿಮ್ಮ ಮುಂದೆ ಕುಳಿತು ಅಳುವ ಮಕ್ಕಳು ಕನ್ನಡದಲ್ಲಿ ಅಳುತ್ತಾರೆ. ಸೆಷನ್ ಕನ್ನಡದಲ್ಲಿ ನಡೆದು, ವರದಿಯನ್ನು ಇಂಗ್ಲಿಷಿಗೆ ತಿರುಗಿಸಿ, ಕನ್ನಡ ಬಾರದ ಸೂಪರ್‌ವೈಸರ್‌ಗೆ ಕೊಟ್ಟರೆ ಅವರು ತಿದ್ದುವುದು ನಿಮ್ಮ ಇಂಗ್ಲಿಷನ್ನು ಮಾತ್ರ.

ಕೊನೆಗೆ, ಅಲ್ಲಿಯ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಹಿಡಿದು ಕಾಫಿ ಕೊಡಿಸಿ. "ಹದಿನಾರು ವರ್ಷದ ಹುಡುಗಿ ಸಂಬಂಧಿಕರೊಬ್ಬರು ತನಗೆ ಲೈಂಗಿಕ ಕಿರುಕುಳ ಕೊಡುತ್ತಿದ್ದಾರೆ ಎಂದು ಹೇಳಿ, ಯಾರಿಗೂ ಹೇಳಬೇಡಿ ಎಂದು ಕೈ ಮುಗಿದರೆ ಏನು ಮಾಡುತ್ತೀರಿ?" ಎಂದು ಕೇಳಿ. "ಗೋಪ್ಯತೆ ಕಾಪಾಡುತ್ತೇವೆ" ಎಂದು ಅಷ್ಟಕ್ಕೇ ನಿಲ್ಲಿಸಿದರೆ ಆ ವಿಭಾಗದಲ್ಲಿ ನೀತಿಸಂಹಿತೆಯ ಪಾಠ ಆಗಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ ಇದೆ. ಗೋಪ್ಯತೆಗೆ ಎಲ್ಲಿ ಮಿತಿ ಇದೆ ಎಂಬುದನ್ನು ಮೊದಲ ಭೇಟಿಯಲ್ಲೇ ಹುಡುಗಿಗೆ ಹೇಳಿರಬೇಕಿತ್ತು ಎಂಬಲ್ಲಿಗೆ ಆ ವಿದ್ಯಾರ್ಥಿ ತಾನಾಗಿಯೇ ಬಂದರೆ, ಕಣ್ಣು ಮುಚ್ಚಿ ಸೇರಿ.

ಹಳೆಯ ವಿದ್ಯಾರ್ಥಿನಿ, ಬೆಂಗಳೂರು ಉತ್ತರ:

ಮೇಡಂ ಹೇಳಿದ್ದು ಅಕ್ಷರಶಃ ಸತ್ಯ. ನಾನು ಓದಿದ ಕಡೆ (ಹೆಸರು ಬೇಡ) ಗಾಜಿನ ಕಟ್ಟಡವೂ ಇತ್ತು, ಒಮ್ಮುಖ ಕನ್ನಡಿ ಹಾಕಿದ ಕೌನ್ಸೆಲಿಂಗ್ ಪ್ರಯೋಗಾಲಯವೂ ಇತ್ತು. ಅದರ ಬಾಗಿಲು ತೆರೆಯುತ್ತಿದ್ದುದು ತಪಾಸಣಾ ಸಮಿತಿ ಬಂದಾಗ. ನಾವು ಮಾಡಿದ್ದೆಲ್ಲ ರೋಲ್ ಪ್ಲೇ. ನನ್ನ ಗೆಳತಿ ಖಿನ್ನತೆಯವಳಂತೆ ನಟಿಸುವುದು, ನಾನು ಆಲಿಸುವಂತೆ ನಟಿಸುವುದು, ಮುಂದಿನ ವಾರ ಅದಲುಬದಲು. ತರಬೇತಿಯ ಗಂಟೆಗಳನ್ನು ಬರೆದಿಡುವ ಲಾಗ್‌ಬುಕ್ಕಿಗೆ ಕೊನೆಯ ಸೆಮಿಸ್ಟರಿನಲ್ಲಿ ಒಂದೇ ಮಧ್ಯಾಹ್ನ, ಒಂದೇ ಪೆನ್ನಿನಲ್ಲಿ, ಎಲ್ಲ ಪುಟಕ್ಕೂ ಸಹಿ ಬಿತ್ತು. ನಿಜವಾದ ಸೂಪರ್‌ವಿಷನ್ ನನಗೆ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಮೇಲೆ, ಅದೂ ಕೈಯಿಂದ ದುಡ್ಡು ಕೊಟ್ಟು.

ಮೇಷ್ಟರೇ, ಸಾಧ್ಯವಾದರೆ ಯಾರದ್ದಾದರೂ ಲಾಗ್‌ಬುಕ್ ತೆರೆಸಿ ನೋಡಿ. ಸಮಾಲೋಚನೆಗೆ ಬಂದವರ ಗುರುತು ಇರುವ ಪುಟಗಳನ್ನು ತೋರಿಸುವುದಿಲ್ಲ, ತೋರಿಸಲೂಬಾರದು. ದಿನಾಂಕ ಮತ್ತು ಸಹಿಯ ಪುಟ ಸಾಕು, ಸತ್ಯ ಗೊತ್ತಾಗುತ್ತದೆ.

ಲೆಕ್ಕಾಚಾರದವನು ಉತ್ತರ:

ಎಲ್ಲರೂ ಸೂಪರ್‌ವಿಷನ್ ಎನ್ನುತ್ತಿದ್ದೀರಿ, ನಾನು ಕಾಗದಪತ್ರದ ಮಾತು ಹೇಳುತ್ತೇನೆ. ಆಪ್ತಸಮಾಲೋಚನೆಯ ಎಂ.ಎಸ್ಸಿ. ಮಾಡಿದರೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಸಿಗುವುದಿಲ್ಲ. ಅದು ಕ್ಲಿನಿಕಲ್ ಸೈಕಾಲಜಿಯಂಥ ಕೋರ್ಸುಗಳಿಗೆ. ಪ್ರವೇಶ ಕೊಡುವವರು "ಆರ್‌ಸಿಐ ಬಂದುಬಿಡುತ್ತದೆ" ಎಂದರೆ ಬರವಣಿಗೆಯಲ್ಲಿ ಕೇಳಿ. ಆರೋಗ್ಯ ಸಂಬಂಧಿತ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯ್ದೆಯಲ್ಲಿ ಮನಶ್ಶಾಸ್ತ್ರಜ್ಞರನ್ನೂ ಸಮಾಲೋಚಕರನ್ನೂ ಸೇರಿಸಿದ್ದಾರೆ. ಅದೇ ಕಾಯ್ದೆಯ ಕಾರಣಕ್ಕೆ ಯುಜಿಸಿ 2025ರಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಮನಶ್ಶಾಸ್ತ್ರ ಕಲಿಸುವುದನ್ನು ನಿಲ್ಲಿಸಿತು. ಹಾಗಾಗಿ "ಮನೆಯಲ್ಲೇ ಕುಳಿತು ಮಾಡಿ" ಎಂದು ಫೋನ್ ಬಂದರೆ ಇಟ್ಟುಬಿಡಿ.

ಇನ್ನೊಂದು ಮಾತು. ನೀವು ಕೆಲಸ ಬಿಡುತ್ತಿಲ್ಲ, ಶಾಲೆಗೇ ವಾಪಸ್ ಬರುವವರು. ಎನ್‌ಸಿಇಆರ್‌ಟಿ ಶಿಕ್ಷಕರಿಗೆಂದು ನಡೆಸುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ ನೋಡಿದ್ದೀರಾ? ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಅದರ ಕೇಂದ್ರ. ಮನೆಯಲ್ಲಿ ಓದುವ ಹಂತ, ಅಲ್ಲೇ ಇದ್ದು ಕಲಿಯುವ ಹಂತ, ಆಮೇಲೆ ಇಂಟರ್ನ್‌ಶಿಪ್. ಎರಡು ವರ್ಷದ ಸಂಬಳ ಉಳಿಯುತ್ತದೆ.

ಮಲೆನಾಡು ಮೇಷ್ಟರು ಮತ್ತೆ:

ಎಲ್ಲರಿಗೂ ಕೃತಜ್ಞತೆ. ಮೈಸೂರಿನ ಡಿಪ್ಲೊಮಾ ವಿಚಾರವನ್ನು ಕಾರ್ಯದರ್ಶಿಗಳ ಕಿವಿಗೆ ಹಾಕಿದ್ದೇನೆ, ಅವರಿಗೆ ಎಂ.ಎಸ್ಸಿ.ಯ ಬೋರ್ಡೇ ಬೇಕಂತೆ, ಪೋಷಕರ ಸಭೆಗೆ ಚೆನ್ನಾಗಿ ಕಾಣುತ್ತದಂತೆ. ಇರಲಿ.

ಎರಡೂ ಕಡೆ ಫೋನ್ ಮಾಡಿದೆ. ಗಾಜಿನ ಕಟ್ಟಡದವರು ಪ್ರವೇಶ ವಿಭಾಗಕ್ಕೆ ಕೊಟ್ಟರು, ಪ್ರವೇಶ ವಿಭಾಗದವರು "ವಿವರಗಳನ್ನು ಓರಿಯೆಂಟೇಶನ್ನಿನಲ್ಲಿ ತಿಳಿಸಲಾಗುತ್ತದೆ" ಎಂದರು. ಅಂದಿನಿಂದ ದಿನವೂ ಶುಲ್ಕದ ರಿಯಾಯಿತಿಯ ಸಂದೇಶ ಬರುತ್ತಿದೆ. ಜೆರಾಕ್ಸಿನವರಲ್ಲಿ ಮುಖ್ಯಸ್ಥರೇ ಫೋನ್ ಎತ್ತಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಮತ್ತು ಎರಡು ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್, ನೇರ ಗಂಟೆ 120, ಇಬ್ಬರು ಸೂಪರ್‌ವೈಸರ್‌ಗಳು, ತಲಾ ಎಂಟು ವಿದ್ಯಾರ್ಥಿಗಳು ಎಂದರು. ತಡೆಹಿಡಿದದ್ದುಂಟೇ ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಂಟು, ಅವರ ತಂದೆ ಕುಲಪತಿಗಳವರೆಗೂ ಹೋಗಿದ್ದರು" ಎಂದರು. ಗುರುವಾರ ತರಗತಿಗೆ ಬಂದು ಕುಳಿತು ನೋಡಿ ಎಂದೂ ಕರೆದರು. ಇಬ್ಬರು ಸೂಪರ್‌ವೈಸರ್‌ಗಳಲ್ಲಿ ಕನ್ನಡ ಬರುವವರು ಒಬ್ಬರೇ, ಹಿರಿಯ ಮೇಡಂ ಒಬ್ಬರು. ಅದೊಂದು ಕೊರತೆ.

ಹುಬ್ಬಳ್ಳಿಯ ಸೂಪರ್‌ವೈಸರ್ ಉತ್ತರ:

120 ಅಮೆರಿಕದ ಲೆಕ್ಕಕ್ಕೆ ಬಹಳ ಕಡಿಮೆ, ಆದರೆ ನಾನು ಇಲ್ಲಿ ಕಂಡ ಎಷ್ಟೋ ಕಡೆಗಳಿಗಿಂತ ಜಾಸ್ತಿ. ತಲಾ ಎಂಟು ಜನ ಎಂದರೆ ನಿಮ್ಮ ಧ್ವನಿಮುದ್ರಣವನ್ನು ಕೇಳಲು ಅವರಿಗೆ ಪುರುಸೊತ್ತಿರುತ್ತದೆ. ಗುರುವಾರ ಹೋಗಿ ಬನ್ನಿ. ಹೋದಾಗ ಆ ಹಿರಿಯ ಮೇಡಂ ನಿವೃತ್ತಿ ಯಾವಾಗ, ಅವರ ಜಾಗಕ್ಕೆ ಕಾಯಂ ನೇಮಕಾತಿ ಆಗುತ್ತದೆಯೋ ಅಥವಾ ಅತಿಥಿ ಉಪನ್ಯಾಸಕರೋ ಎಂಬುದನ್ನು ವಿಚಾರಿಸಿ. ಮುಂದಿನ ವರ್ಷವೇ ನಿವೃತ್ತಿ ಎಂದಾದರೆ ಶುಲ್ಕ ಕಟ್ಟುವ ಮೊದಲು ಇಲ್ಲಿ ಬಂದು ಬರೆಯಿರಿ.