ಚಳಿಗಾಲದ ಒಣಹವೆ: ಫರ್ನೆಸ್‌ಗೇ ಹ್ಯೂಮಿಡಿಫೈಯರ್ ಹಾಕಿಸಿದರೆ ಸಾಕಾಗುತ್ತಾ?

ತೀರ್ಥಹಳ್ಳಿಯವಳು, ಈಡನ್ ಪ್ರೇರಿ, ಮಿನೆಸೋಟ

ಎಲ್ಲರಿಗೂ ನಮಸ್ಕಾರ. ಎರಡಂತಸ್ತಿನ ಹಳೇ ಮನೆ, ಗ್ಯಾಸ್ ಫರ್ನೆಸ್ (ಮನೆಗೆಲ್ಲ ಬಿಸಿ ಗಾಳಿ ಊದೋ ಯಂತ್ರ). ಅದಕ್ಕೆ ಹ್ಯೂಮಿಡಿಫೈಯರ್, ಅಂದ್ರೆ ಗಾಳಿಗೆ ತೇವ ಸೇರಿಸೋ ಯಂತ್ರ, ಹಾಕಿಸೋಣ ಅಂತಿದ್ದೀನಿ. ಈ ವಾರ ಹಾಲ್‌ನಲ್ಲಿರೋ ಮೀಟರ್ ತೇವಾಂಶ 16% ತೋರಿಸ್ತಿದೆ. ಮಗನಿಗೆ ಬೆಳಿಗ್ಗೆ ಎದ್ದರೆ ಮೂಗಲ್ಲಿ ರಕ್ತ. ಅಜ್ಜಿಯ ವೀಣೆ ಊರಿಂದ ತಂದಿದ್ದೆ, ಹಲಸಿನ ಮರದ್ದು. ಕೊಡದ ಪಕ್ಕ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ನೋಡಿದರೆ ಹೊಟ್ಟೆ ಉರಿಯುತ್ತೆ. ಒಬ್ಬ ಕಂಟ್ರಾಕ್ಟರ್ ನೀರು ಕುದಿಸಿ ಹಬೆ ಬಿಡೋ ಸ್ಟೀಮ್ ಯಂತ್ರವೇ ಬೇಕು ಅಂತಾನೆ, ಇನ್ನೊಬ್ಬ ಒದ್ದೆ ಪ್ಯಾಡ್ ಮೇಲೆ ಗಾಳಿ ಹಾಯಿಸೋದು ಸಾಕು ಅಂತಾನೆ. ಯಾವುದನ್ನ ನಂಬಲಿ?

ಮೈಸೂರ್ ಮಲ್ಲಿಗೆ ಗಿಡ, ನೇಪರ್‌ವಿಲ್

ನಮ್ಮನೆಯಲ್ಲಿ ಪ್ಯಾಡ್ ಇರೋದೇ ಇದೆ, ಖುಷಿಯಾಗಿದ್ದೀವಿ. ಅದು ಬರೋವರೆಗೆ ಮಗು ಮಲಗೋ ಕೋಣೆಗೆ ಒಂದು ಚಿಕ್ಕ ಹ್ಯೂಮಿಡಿಫೈಯರ್ ಇಡಿ. ಅಲ್ಟ್ರಾಸಾನಿಕ್ (ಕಂಪನದಿಂದ ನೀರನ್ನ ಮಂಜಿನ ಥರ ಚಿಮ್ಮಿಸೋದು) ತಗೊಂಡರೆ ಡಿಸ್ಟಿಲ್ಡ್ ನೀರೇ ಹಾಕಿ, ನಲ್ಲಿ ನೀರಾದರೆ ಸಾಮಾನಿನ ಮೇಲೆಲ್ಲ ಬಿಳಿ ಪುಡಿ ಕೂರುತ್ತೆ.

ಹುಬ್ಬಳ್ಳಿ ಹುಡುಗ, ರಾಚೆಸ್ಟರ್, ಮಿನೆಸೋಟ

ಅಕ್ಕಾರ, ಫರ್ನೆಸ್ ಕೆಲಸಾನ ನನ್ನ ಹೊಟ್ಟಿಪಾಡು, ಅದಕ್ಕ ಬಿಡಿಸಿ ಹೇಳ್ತೀನಿ. ಹವಾ ಒಣಗಸೂದು ಫರ್ನೆಸ್ ಅಲ್ಲರಿ. ಹೊರಗ 0 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಹವಾದಾಗ ನೀರಿನ ಅಂಶ ಇರೂದೇ ಇಷ್ಟ ಇಷ್ಟು. ಆ ಹವಾ ಸಂದಿಯಿಂದ ಒಳಗ ಬಂದು 70 ಡಿಗ್ರಿಗೆ ಕಾಯ್ತಂದ್ರ ಅದರ ತೇವಾಂಶ 5% ಆಸುಪಾಸಿಗೆ ಇಳೀತದ. ಮನಿ ಎಷ್ಟು ಸೋರ್ತದೋ ಅಷ್ಟು ನೀರು ಬೇಕು. ಹಳೇ ಮನಿ ಅಂದ್ರಿ, ಮೊದಲ ಅಟ್ಟದ ಬಾಗಿಲಾ, ಬೇಸ್‌ಮೆಂಟಿನ ರಿಮ್ ಜಾಯಿಸ್ಟ್ (ಬುನಾದಿ ಗ್ವಾಡಿ ಮ್ಯಾಲ ನೆಲದ ಅಂಚಿಗೆ ಸುತ್ತ ಬರೋ ತೊಲಿ) ಸಂದಿ ಮುಚ್ಚಸ್ರಿ.

ಗ್ಯಾಸ್ ಫರ್ನೆಸ್ ಇದ್ದವರಿಗೆ ನಾನು ಪ್ಯಾಡಿನದ್ದನ್ನೇ ಹೇಳ್ತೀನಿ. ಪ್ಯಾಡಿನ ಮ್ಯಾಲ ನೀರು ಇಳೀತಿರ್ತದ, ಬಿಸಿ ಹವಾ ಹಾಯ್ದು ತೇವ ಹೊತ್ಕೊಂಡು ಹೋಗ್ತದ, ಉಳಿದದ್ದು ಡ್ರೇನಿಗೆ. ಏಪ್ರಿಲ್‌ಏರ್ ಕಂಪನಿಯ 600 ಬೈಪಾಸ್ ಮಾದರಿ, ಅಂದ್ರ ಫರ್ನೆಸ್ಸಿನ ಹವಾದ ಒಂದು ಪಾಲನ್ನ ಪಕ್ಕದ ಪೈಪಿನಿಂದ ಹಾಯಿಸಿಕೊಳ್ಳೂದು, ಸ್ವಂತ ಫ್ಯಾನ್ ಇಲ್ಲ, ದಿನಕ್ಕ 17 ಗ್ಯಾಲನ್ ನೀರು ಆವಿ ಮಾಡ್ತದ ಅಂತ ಬರದಿರ್ತಾರ. 700ಕ್ಕ ಫ್ಯಾನ್ ಅದ, 18 ಗ್ಯಾಲನ್. ಆ ಲೆಕ್ಕ ಫರ್ನೆಸ್ ಬಿಡದ ಓಡಿದ್ರ ಮಾತ್ರ. ಬಿಸಿನೀರಿನ ಲೈನಿಗೆ ಜೋಡಸ್ರಿ, ಹೆಚ್ಚು ಆವಿ ಆಗ್ತದ. ಸ್ಟೀಮ್ ಫರ್ನೆಸ್ ಬಿಸಿ ಇರಲಿ ಬಿಡಲಿ ಕೆಲಸಾ ಮಾಡ್ತದ, ಖರೆ, ಆದ್ರ ಅದಕ್ಕ ಬ್ಯಾರೆ ಕರೆಂಟ್ ಲೈನ್ ಎಳೀಬೇಕು, ಬಿಲ್ಲೂ ಏರ್ತದ.

ಗ್ಯಾಸ್ ಉಳೀತದ ಅಂತ ಯಾರರೆ ಹೇಳಿದ್ರ ನಂಬಬ್ಯಾಡ್ರಿ. ಒಂದು ಗ್ಯಾಲನ್ ಆವಿ ಆಗಬೇಕಂದ್ರ ಸುಮಾರು 8,700 ಬಿಟಿಯು (ಶಾಖ ಅಳಿಯೋ ಮಾಪ) ಶಾಖ ನಿಮ್ಮ ಫರ್ನೆಸ್ಸೇ ಕೊಡಬೇಕು. ಇದನ್ನ ಹಾಕಸೂದು ಕೂಸಿನ ಮೂಗಿಗೆ, ಮನ್ಯಾಗಿನ ಕಟ್ಟಿಗಿಗೆ.

ತೀರ್ಥಹಳ್ಳಿಯವಳು

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಹಾಗಾದರೆ ವೀಣೆಗೋಸ್ಕರ 45%ಗೆ ಇಟ್ಟುಬಿಡಲಾ?

ಹುಬ್ಬಳ್ಳಿ ಹುಡುಗ

ಬ್ಯಾಡ ಅಕ್ಕಾರ, ದಯಮಾಡಿ ಬ್ಯಾಡ! ಥಂಡಿಯೊಳಗ ಅಷ್ಟು ಇಟ್ರ ಕಿಟಕಿ ಒಳಮೈಗೆ ನೀರು ಇಳದು ಬರ್ಫ್ ಆಗ್ತದ, ಗ್ವಾಡಿ ಒಳಗ ಹಸಿ ಹಿಡದು ಬೂಷ್ಟು ಬರ್ತದ. ಹೊರಗ 20 ಡಿಗ್ರಿ ಫ್ಯಾರನ್‌ಹೀಟ್ ಇದ್ರ 35%, 0 ಇದ್ರ 25%, ಮೈನಸ್ 20ಕ್ಕ 15%, ಅಷ್ಟೇ. ಹೊರಗಿನ ಸೆನ್ಸರ್ ಇರೋ ಕಂಟ್ರೋಲ್ ತಗೊಂಡ್ರ ತಾನೇ ಇಳಸ್ತದ. ವೀಣಾಕ್ಕ ಬ್ಯಾರೆ ವ್ಯವಸ್ಥಾ ಬೇಕು. ಗಟ್ಟಿ ಪೆಟ್ಟಿಗ್ಯಾಗ ಮುಚ್ಚಿ ಇಡ್ರಿ, ಒಳಗ ಗಿಟಾರಿಗೆ ಹಾಕೋ ತೇವದ ಪ್ಯಾಕೆಟ್ ಇಡ್ರಿ. ಬಿಸಿ ಹವಾ ಬರೋ ಜಾಳಿಗಿ ಹತ್ರ, ಹೊರಗ್ವಾಡಿಗೆ ಹತ್ತಿ ಇಡಬ್ಯಾಡ್ರಿ. ಬಿರುಕಿಗೆ ಅಂಗಡಿ ಅಂಟು ಮುಟ್ಟಸಬ್ಯಾಡ್ರಿ, ವೀಣಾ ಮಾಡೋರ ಕೈಗೇ ಕೊಡ್ರಿ.

ಮೈಸೂರ್ ಮಲ್ಲಿಗೆ ಗಿಡ

ಪ್ಯಾಡ್ ಎಷ್ಟು ದಿನಕ್ಕೆ ಬದಲಿಸ್ತೀರ?

ಹುಬ್ಬಳ್ಳಿ ಹುಡುಗ

ಪ್ರತಿ ಚಳಿಗಾಲ ಶುರು ಆಗೂ ಮುಂಚೆ ಹೊಸಾದು. ನಿಮ್ಮ ನೀರು ಗಡಸಿದ್ರ ನಡುವ ಒಮ್ಮೆ ತಗದು ನೋಡ್ರಿ, ಸುಣ್ಣ ಕಟ್ಟಿದ್ರ ಆಗಲೇ ಬದಲಸ್ರಿ. ಬ್ಯಾಸಿಗಿ ಬಂದ ಕೂಡಲೇ ನೀರು ಬಂದ್ ಮಾಡಿ ಬೈಪಾಸ್ ಡ್ಯಾಂಪರ್ (ಆ ಪಕ್ಕದ ಪೈಪಿನ ಮುಚ್ಚಳ) ಮುಚ್ರಿ, ಇಲ್ಲಂದ್ರ ಎಸಿಯ ತಂಪು ಹವಾ ಹಿಂದಕ್ಕ ಸುತ್ತತಿರ್ತದ.