ಪಿತ್ರಾರ್ಜಿತ ಅಂದರೆ ಅಪ್ಪನದ್ದೋ, ಹಿರಿಯರದ್ದೋ?

ಎಲ್ಲರಿಗೂ ನಮಸ್ಕಾರ. ಆಸ್ತಿ ಪತ್ರ, ಪೇಪರು, ಮನೆಮಾತು, ಎಲ್ಲ ಕಡೆ ಓಡಾಡುವ ‘ಪಿತ್ರಾರ್ಜಿತ’ ಅನ್ನುವ ಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು.

ಪದವನ್ನು ಬಿಡಿಸಿ ನೋಡಿದರೆ ಅಪ್ಪ ಗಳಿಸಿದ್ದು ಅಂತಲೇ ಆಗುತ್ತದೆ, ‘ಸ್ವಯಾರ್ಜಿತ’ ಅಂದರೆ ತಾನೇ ಗಳಿಸಿದ್ದು ಅನ್ನುವ ಹಾಗೆ. ಆದರೆ ವಕೀಲರು ಇದನ್ನು ಬಳಸುವುದು ಮುತ್ತಜ್ಜ, ಅಜ್ಜನ ಕಾಲದಿಂದ ಪಾಲಾಗದೆ ಇಳಿದು ಬಂದ ಆಸ್ತಿಗೆ. ಪಿತೃಪಕ್ಷ ಅನ್ನುವಾಗ ಬರೀ ಅಪ್ಪ ಅಲ್ಲ, ಹಿರಿಯರೆಲ್ಲ ಸೇರುತ್ತಾರಲ್ವಾ, ಹಾಗೆ ನೋಡಿದರೆ ಅದೂ ಸರಿಯೇ. ಹೀಗೆ ಎರಡು ಅರ್ಥವೂ ಬಳಕೆಯಲ್ಲಿವೆ. ತೊಂದರೆ ಏನೆಂದರೆ, ಹಿಂದೂ ಕಾನೂನಿನಲ್ಲಿ ಈ ಎರಡರ ಮೇಲಿನ ಹಕ್ಕೂ ಬೇರೆ ಬೇರೆ.

ಹಿರಿಯರಿಂದ ಬಂದ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು. 2005ರ ತಿದ್ದುಪಡಿ ಬಂದ ಮೇಲೆ ಮಗಳಿಗೂ ಮಗನಷ್ಟೇ. ಆ ತಿದ್ದುಪಡಿ ಬರುವ ಹೊತ್ತಿಗೆ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಪ್ಪ ಸ್ವಂತ ದುಡ್ಡಲ್ಲಿ ಕೊಂಡಿದ್ದು ಹಾಗಲ್ಲ. ಅವರು ಇರುವ ತನಕ ಅದು ಪೂರ್ತಿ ಅವರದ್ದು. ಮಾರಬಹುದು, ದಾನ ಕೊಡಬಹುದು, ಯಾರಿಗೆ ಬೇಕಾದರೂ ವಿಲ್ ಬರೆದಿಡಬಹುದು. ವಿಲ್ ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗ, ಮಗಳು, ಬದುಕಿದ್ದರೆ ಅಪ್ಪನ ತಾಯಿ, ಇಷ್ಟೂ ಜನಕ್ಕೆ ಸಮಪಾಲು.

ಈಗ ಪದ ಏನು ಮಾಡುತ್ತದೆ ನೋಡಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಪ್ಪ ಸಂಬಳದ ದುಡ್ಡಲ್ಲಿ ಸೈಟು ತಗೊಂಡು ಮನೆ ಕಟ್ಟಿಸಿದ್ದರು. ವಿಲ್ ಬರೆಯದೆ ಹೋದರು. ಆಮೇಲೆ ಅಣ್ಣ ತಂಗಿಗೆ, ‘ಇದು ಪಿತ್ರಾರ್ಜಿತ ಅಲ್ಲ ಕಣಮ್ಮ, ಅಪ್ಪ ದುಡಿದು ಕಟ್ಟಿಸಿದ್ದು, ಹೆಣ್ಣುಮಕ್ಕಳಿಗೆ ಪಾಲು ಬರೋದು ಪಿತ್ರಾರ್ಜಿತದಲ್ಲಿ ಮಾತ್ರ’ ಅಂದ. ಪೇಪರಿನಲ್ಲಿ ‘ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು’ ಅಂತಲೇ ಅವಳೂ ಓದಿದ್ದಳು, ಹಾಗಾಗಿ ನಂಬಿದಳು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದಳು. ಆ ಮನೆಯಲ್ಲಿ ಅವಳ ಪಾಲು ಅಣ್ಣನಷ್ಟೇ ಇತ್ತು! ಅವನು ಬೇಕಂತಲೇ ಹೇಳಿದನೋ, ಅವನೂ ಹಾಗೇ ನಂಬಿದ್ದನೋ, ನನಗೆ ಗೊತ್ತಿಲ್ಲ. ಆದರೆ ಒಂದು ಪದ ಸ್ಪಷ್ಟವಾಗಿದ್ದಿದ್ದರೆ ಅವಳು ಸಹಿ ಹಾಕುವ ಮುಂಚೆ ಒಬ್ಬ ವಕೀಲರನ್ನಾದರೂ ಕೇಳುತ್ತಿದ್ದಳು ಅನ್ನಿಸುತ್ತದೆ.

ಇದು ತಿರುಗಾಮುರುಗಾ ಆಗುವುದೂ ಉಂಟು. ಕ್ರಯಪತ್ರಗಳಲ್ಲಿ ‘ಪಿತ್ರಾರ್ಜಿತವಾಗಿ ಬಂದು ನನ್ನ ಸ್ವಾಧೀನಾನುಭವದಲ್ಲಿರುವ ಸ್ವತ್ತು’ ಅಂತ ಪತ್ರ ಬರಹಗಾರರು ರೂಢಿಯಂತೆ ಬರೆದುಬಿಡುತ್ತಾರೆ. ಅಜ್ಜ ತಾನೇ ಕೊಂಡ ಜಮೀನು, ಅವರು 1956ರ ಕಾಯ್ದೆ ಬಂದ ಮೇಲೆ ವಿಲ್ ಇಲ್ಲದೆ ತೀರಿಕೊಂಡು ಅಪ್ಪನಿಗೆ ಬಂತು ಅಂದುಕೊಳ್ಳಿ. ಅಪ್ಪನ ಕೈಯಲ್ಲಿ ಅದು ಅವರ ಸ್ವಂತ ಆಸ್ತಿ, ಮೊಮ್ಮಕ್ಕಳಿಗೆ ಹುಟ್ಟಿನ ಹಕ್ಕಿಲ್ಲ. ಸುಪ್ರೀಂ ಕೋರ್ಟ್ 1986ರಲ್ಲೇ ಇದನ್ನು ಹೇಳಿದೆ. ಪತ್ರದಲ್ಲಿ ಪಿತ್ರಾರ್ಜಿತ ಅಂತ ಬರೆದ ಮಾತ್ರಕ್ಕೆ ಆಸ್ತಿಯ ಗುಣ ಬದಲಾಗುವುದಿಲ್ಲ ನಿಜ, ಆದರೆ ಆ ಒಂದು ಪದ ಹಿಡಿದು ಮಕ್ಕಳು ದಾವೆ ಹೂಡಿದರೆ ಅದು ಹಾಗಲ್ಲ ಅಂತ ತೋರಿಸುವುದಕ್ಕೇ ವರ್ಷಗಟ್ಟಲೆ ಓಡಾಡಬೇಕು.

ಅದಕ್ಕೇ ನನಗನ್ನಿಸುವುದು, ಇಳಿದು ಬಂದದ್ದಕ್ಕೆ ‘ಪೂರ್ವಜರ ಆಸ್ತಿ’ ಅಥವಾ ಇನ್ನೂ ಸರಳವಾಗಿ ‘ಹಿರಿಯರ ಆಸ್ತಿ’ ಅನ್ನೋಣ. ಅಪ್ಪನ ಗಳಿಕೆಗೆ ‘ತಂದೆಯ ಸ್ವಯಾರ್ಜಿತ’ ಸಾಕು. ಪಿತ್ರಾರ್ಜಿತವನ್ನು ಪತ್ರಗಳಲ್ಲಾದರೂ ಬಿಟ್ಟುಬಿಡುವುದು ಒಳ್ಳೆಯದು.

ಒಟ್ಟು ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲು ಇರುವವರಿಗೆ ಇಂಗ್ಲಿಷಿನಲ್ಲಿ ಹೇಳುವ ಕೋಪಾರ್ಸನರ್ ಅನ್ನುವುದಕ್ಕೂ ಒಂದು ಪದ ಬೇಕು. ‘ದಾಯಾದಿ’ ಹತ್ತಿರದ್ದೇ, ಆದರೆ ಜನರ ಕಿವಿಗೆ ಅದು ಜಗಳವಾಡುವ ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳು. ಮನೆಮಗಳನ್ನು ದಾಯಾದಿ ಅಂದರೆ ಯಾರು ಒಪ್ಪುತ್ತಾರೆ? ‘ಹುಟ್ಟು ಪಾಲುದಾರ’ ಹೇಗೆ?

ನಿಮ್ಮ ಕಡೆ ಪಾಲು ಮಾಡುವಾಗ ಹಿರಿಯರು ಈ ಎರಡು ಬಗೆಯ ಆಸ್ತಿಗೆ ಬೇರೆ ಬೇರೆ ಪದ ಹೇಳುತ್ತಾರಾ? ಹಳೆಯ ವಿಭಾಗ ಪತ್ರಗಳು ಮನೆಯಲ್ಲಿದ್ದರೆ ಅವುಗಳಲ್ಲಿ ಏನು ಬರೆದಿದೆ, ಹೆಸರು ವಿವರ ಬಿಟ್ಟು ಆ ಸಾಲು ಮಾತ್ರ ತಿಳಿಸಿ.