ಕೊಟ್ಟಿಗೆ ಹತ್ತಿರ ಬರುವ ನಾಯಿ, ಹತ್ತಿರ ಹೋದರೆ ಓಡುತ್ತದೆ. ಹೇಗೆ ಒಲಿಸಿಕೊಳ್ಳುವುದು?

ಸಾಗರದವಳು:
ಮಳೆ ಹಿಡಿದಾಗಿನಿಂದ ಒಂದು ಕಂದು ಹೆಣ್ಣು ನಾಯಿ ನಮ್ಮ ಕೊಟ್ಟಿಗೆ ಪಕ್ಕ ಬಂದು ಮಲಗುತ್ತಿದೆ. ಕುತ್ತಿಗೆಯಲ್ಲಿ ಹಗ್ಗದ ಗುರುತಿದೆ, ಯಾರೋ ತಂದು ಬಿಟ್ಟಿರಬೇಕು. ಅನ್ನ ಹಾಕಿದರೆ ನಾವು ಒಳಗೆ ಹೋದ ಮೇಲಷ್ಟೇ ತಿನ್ನುತ್ತದೆ. ಪಕ್ಕದ ತೋಟದಲ್ಲಿ ಮಂಗ ಓಡಿಸಲು ಈಡು ಹೊಡೆದರಂತೂ ಆ ದಿನ ಪೂರ್ತಿ ಕಾಣುವುದಿಲ್ಲ. ಇದು ಚಿರತೆ ಓಡಾಡುವ ಜಾಗ, ರಾತ್ರಿಯಾದರೂ ಒಳಗೆ ಸೇರಿಸಿಕೊಳ್ಳಬೇಕು ಅಂತ ನನಗೆ ತುಂಬಾ ಇದೆ. ನಿನ್ನೆ ಬಿಸ್ಕತ್ತು ಹಿಡಿದು ಹತ್ತಿರ ಹೋದೆ, ಗುರ್ ಅಂದಿತು. ಹಗ್ಗ ಹಾಕಿ ಕಟ್ಟು, ತಾನಾಗೇ ಒಗ್ಗುತ್ತದೆ ಅಂತಾರೆ ಅಪ್ಪ. ಸರೀನಾ?

ತುಂಗೆ ದಡ:
ಹಗ್ಗ ಮಾತ್ರ ಬೇಡ ಮಾರಾಯ್ರೆ. ಹೆದರಿದ ನಾಯಿ ಜಾಸ್ತಿ ಕಚ್ಚುವುದೇ ಓಡಲು ದಾರಿ ಇಲ್ಲದಾಗ. ಗುರ್ ಅಂದಿದ್ದಕ್ಕೆ ಬೈಯಲೂಬೇಡಿ. ಮುಂದೆ ಬರಬೇಡ ಅಂತ ಅದು ಮೊದಲೇ ಹೇಳುತ್ತಿದೆ, ಬೈದು ಬಾಯಿ ಮುಚ್ಚಿಸಿದರೆ ಇನ್ನೊಂದು ಸಲ ಹೇಳದೇ ಕಚ್ಚಬಹುದು.

ಕೈಯಿಂದ ತಿನ್ನಿಸುವ ಆಸೆ ಸದ್ಯಕ್ಕೆ ಬಿಡಿ. ಬಿಸ್ಕತ್ತಿನ ಆಸೆಗೆ ಹತ್ತಿರ ಬಂದರೂ, ತಿಂದು ತಲೆ ಎತ್ತಿದಾಗ ಎದುರಿಗೇ ನೀವು ಕಂಡು ಮತ್ತೆ ಗಾಬರಿಯಾಗುತ್ತದೆ. ದೂರದಲ್ಲೇ, ಅದಕ್ಕೆ ಮುಖ ಕೊಡದೇ ಪಕ್ಕಕ್ಕೆ ತಿರುಗಿ ಕೂರಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ತಿನಿಸನ್ನು ಅದರ ಹಿಂದಕ್ಕೆ ಬೀಳುವ ಹಾಗೆ ಹಾಕಿ. ತಿನ್ನಲು ನಿಮ್ಮಿಂದ ದೂರ ಹೋಗುತ್ತದೆ, ಅದಕ್ಕೇ ಸ್ವಲ್ಪ ಧೈರ್ಯ ಬರುತ್ತದೆ, ಆಮೇಲೆ ತಾನಾಗಿ ನಿಮ್ಮ ಕಡೆ ತಿರುಗುತ್ತದೆ. ಆಗ ಮತ್ತೆ ಹಿಂದಕ್ಕೇ ಹಾಕಿ. ಕೈ ಮೇಲೆತ್ತಿ ಎಸೆಯಬೇಡಿ, ಕಲ್ಲೇಟು ತಿಂದ ನಾಯಿಗೆ ಎತ್ತಿದ ಕೈ ಕಂಡರೇ ಜೀವ ಹೋಗುತ್ತದೆ. ಎಷ್ಟು ಹತ್ತಿರ ಬರಬೇಕು ಅನ್ನುವುದು ಅದಕ್ಕೇ ಬಿಟ್ಟಿದ್ದು.

ಕೊಡಚಾದ್ರಿ ಕೆಳಗಿನವರು:
ಒಪ್ಪಿದೆ. ಒಂದು ಸೇರಿಸುತ್ತೇನೆ. ನಿದ್ದೆ ಬರದಿದ್ದರೂ ಆಕಳಿಸುವುದು, ಸುಮ್ನೆ ತುಟಿ ನೆಕ್ಕಿಕೊಳ್ಳುವುದು, ಮುಖ ಆಚೆ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವ ಹಾಗೆ ನೋಡುವುದು, ಇವೆಲ್ಲ ಹೆದರಿಕೆಯೇ. ಕಂಡರೆ ನೀವೇ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಬಾಲ ಅಲ್ಲಾಡಿಸಿತು ಅಂತ ಮುಟ್ಟಲು ಹೋಗಬೇಡಿ, ಹೆದರಿದಾಗಲೂ ಅಲ್ಲಾಡಿಸುತ್ತವೆ. ಮುಂದೆ ಅದೇ ಬಂದು ಮೈ ತಾಗಿಸಿದಾಗ ತಲೆ ಮೇಲೆ ಕೈ ಇಡಬೇಡಿ, ಎದೆ ಹತ್ತಿರ ಸ್ವಲ್ಪ ಕೆರೆದು ಕೈ ತೆಗೆಯಿರಿ. ಇನ್ನೂ ಬೇಕಾದರೆ ಅದೇ ಒತ್ತಿಕೊಂಡು ಬರುತ್ತದೆ. ಮತ್ತೆ, ಕೊಪ್ಪೆ ಹೊದ್ದು ಅಥವಾ ಕೊಡೆ ಹಿಡಿದು ಹೋದರೆ ಗುರುತು ಸಿಗದೇ ಓಡಬಹುದು.

ಶಿವಮೊಗ್ಗ ಪೇಟೆ:
ಅಕ್ಕ, ಕಚ್ಚಿದರೆ ಅಥವಾ ಉಗುರು ತಾಗಿ ರಕ್ತ ಬಂದರೆ ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುತ್ತಾರೆ. ನಾಯಿ ಪಳಗಿದ ಮೇಲೆ ಅದಕ್ಕೂ ಲಸಿಕೆ ಆಗಬೇಕು, ಉಣುಗಿಗೆ ಔಷಧಿಯೂ ಬೇಕು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ತನ್ನಿ.

ಸಾಗರದವಳು:
ಅಪ್ಪನಿಗೆ ಓದಿ ಹೇಳಿದೆ, ಹಗ್ಗ ಬೇಡ ಅಂತ ಒಪ್ಪಿದರು. ಆದರೆ ರಾತ್ರಿಗೆ ಏನು ಮಾಡಲಿ?

ತುಂಗೆ ದಡ:
ಅನ್ನದ ತಟ್ಟೆಯನ್ನು ದಿನಾ ಸ್ವಲ್ಪ ಸ್ವಲ್ಪವೇ ಕೊಟ್ಟಿಗೆ ಒಳಗೆ ಸರಿಸುತ್ತಾ ಹೋಗಿ, ಮೂಲೆಯಲ್ಲಿ ಒಣ ಗೋಣಿ ಹಾಸಿ. ಹಗಲಲ್ಲಿ ಬಾಗಿಲು ತೆರೆದೇ ಇರಲಿ. ಒಳಗೆ ಮೈ ಚೆಲ್ಲಿ ಮಲಗುವುದು ರೂಢಿಯಾದ ಮೇಲೆ ಸಂಜೆ ಬಾಗಿಲು ಅರ್ಧ ಮುಚ್ಚಿ ನೋಡಿ. ಎದ್ದು ಹೊರಟರೆ ಬಿಟ್ಟುಬಿಡಿ, ಮಾರನೇ ದಿನ ಮತ್ತೆ ಅಲ್ಲಿಂದಲೇ ಶುರು ಮಾಡಿ. ಅಲ್ಲಿಯವರೆಗೆ ರಾತ್ರಿ ಕೊಟ್ಟಿಗೆ ಹೊರಗಿನ ದೀಪ ಉರಿಯಲಿ, ಅನ್ನವನ್ನು ಕತ್ತಲಾಗುವ ಮೊದಲೇ ಹಾಕಿ.